ಅಳುವಿಗೊಂದು ಲೇಬಲ್

ಫೆಬ್ರವರಿ 10, ಸೋಮವಾರ

ಇವತ್ತೂ ದಿನವಿಡೀ ಅಳು ಕೇಳಿದೆ. ಹೆಡ್‌ಫೋನ್ ತೆಗೆದರೆ ಕಿವಿ ಉರಿ. ಆಫೀಸಿನ ಹೀಟರ್ ಬೇರೆ ಕೆಟ್ಟಿದೆ, ಈ ಡಚ್ ಬಡಾವಣೆ ಸ್ಲೋಟರ್‌ಡೈಕ್‌ನ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹೊಡೆಯುತ್ತದೆ. ಜಾಕೆಟ್ ಹಾಕಿಕೊಂಡೇ ಕೂತಿದ್ದೆ.

ಮನೆಗಳಲ್ಲಿ ಇಟ್ಟುಕೊಳ್ಳುವ ಸ್ಮಾರ್ಟ್ ಸ್ಪೀಕರ್‌ಗಳು ಹಿಡಿದ ಸದ್ದಿನ ಚೂರುಗಳು. ಎಲ್ಲ ಇದೇ ದೇಶದ್ದು; ಯಾರ ಮನೆ, ಯಾವ ಊರು — ನಮಗೆ ಹೇಳುವುದಿಲ್ಲ. ಕೇಳಬೇಕು, ಒಂದು ಇಂಗ್ಲಿಷ್ ಪದ ಹಚ್ಚಬೇಕು, ಮುಂದೆ ಹೋಗಬೇಕು. ಕಂಪ್ಯೂಟರ್ ಅದರಿಂದ ಅಳು ಗುರುತಿಸಲು ಕಲಿಯುತ್ತದಂತೆ.

ಊಟದ ಹೊತ್ತಿಗೆ ಪದಗಳ ಮೇಲೇ ಜಗಳ. ಸಾಬ್ — ಬಿಕ್ಕುವುದು, ಉಸಿರು ಕತ್ತರಿಸಿ ಕತ್ತರಿಸಿ ಬರಬೇಕು. ವೇಲ್ — ಸಾವಿನ ಮನೆಯ ಗೋಳು. ಬಾಲ್ — ಮಕ್ಕಳು ಬಾಯಿ ತೆರೆದು ಅರಚುವುದು. ವೀಪ್ — ಮಾತಿನಲ್ಲಿ ಯಾರೂ ಅನ್ನುವುದಿಲ್ಲ, ಪುಸ್ತಕದಲ್ಲೇ ಜಾಸ್ತಿ. ವೈನ್ ಅಂದರೆ — ಕುಡಿಯುವುದಲ್ಲ — ರಾಗ ಎಳೆಯುವುದು. ಅದರಲ್ಲಿ ಮರುಕ ಇಲ್ಲ, ತಾತ್ಸಾರ ಇದೆ. ಪಕ್ಕದ ಸೀಟಿನ ಪೋಲೆಂಡ್ ಹುಡುಗ ಎಲ್ಲದಕ್ಕೂ ವೈನ್ ಹಚ್ಚುತ್ತಾನೆ. ಬೇಗ ಮುಗಿಯುತ್ತದೆ.

ವಿಂಪರ್ ಒಂದೇ ಬೇರೆ. ಭಯಕ್ಕೋ ನೋವಿಗೋ ಗಂಟಲಲ್ಲೇ ಮುಲುಗುವುದು. ಅದನ್ನು ಹಚ್ಚಿದರೆ ಅಪಾಯ ಇದೆಯಾ ಅಂತ ನೋಡುವ ಸೇಫ್ಟಿ ಟೀಮಿಗೆ ಹೋಗುತ್ತದೆ.

ಫೆಬ್ರವರಿ 13, ಗುರುವಾರ

ಮಧ್ಯಾಹ್ನ ಒಂದು ಕ್ಲಿಪ್. ಹೆಂಗಸು. ತೀರಾ ಸಣ್ಣ ದನಿ, ಸೊಳ್ಳೆ ಹಾಡಿದ ಹಾಗೆ. ಮೊದಲು ಕೇಳಿದವರು ಹಚ್ಚಿದ್ದು ವೈನ್. ನಾನೂ ಅದನ್ನೇ ಒತ್ತುತ್ತಿದ್ದೆನೇನೋ. ಆಮೇಲೆ ಮಾತು ಕೇಳಿಸಿತು.

"ರೀ... ಬಾಗ್ಲು ತೆಗೀರಿ. ಕೂಗಲ್ಲ. ಇನ್ಮೇಲೆ ಕೂಗಲ್ಲ ರೀ."

ಕನ್ನಡ.

ಇಲ್ಲಿನ ರೂಲ್ — ಭಾಷೆ ಗೊತ್ತಿದ್ದರೆ ಸ್ಕಿಪ್ ಮಾಡಬೇಕು. ಮಾತಿನ ಅರ್ಥ ಕಿವಿಯನ್ನು ಕೆಡಿಸುತ್ತದೆ ಅಂತ. ಸ್ಕಿಪ್ ಮಾಡಲಿಲ್ಲ. ಅವಳು ರಾಗ ಎಳೆಯುತ್ತಿಲ್ಲ. ಸದ್ದಾದರೆ ಮತ್ತೆ ಏಟು ಬೀಳುತ್ತದೆಂದು ಅಳುವನ್ನೇ ಅದುಮಿಕೊಂಡಿದ್ದಾಳೆ. ವಿಂಪರ್ ಹಚ್ಚಿದೆ.

ಫೆಬ್ರವರಿ 14, ಶುಕ್ರವಾರ

ಲೇಬಲ್ ಮತ್ತೆ ವೈನ್ ಆಗಿದೆ! ಟೀಮ್ ಲೀಡ್ ಮಾರ್ಲೂಸ್ ಬದಲಾಯಿಸಿದ್ದಾಳೆ. ಮೀಟಿಂಗ್ ರೂಮಿಗೆ ಕರೆದಳು.

"ನಿಸರ್ಗ, ನಿನಗೆ ಮಾತು ಅರ್ಥ ಆಯ್ತಾ?"

"ಆಯ್ತು. ಅವಳನ್ನ ಕೂಡಿಹಾಕಿದ್ದಾರೆ."

"ಹಾಗಾದ್ರೆ ನಿನ್ನ ಲೇಬಲ್ ಲೆಕ್ಕಕ್ಕಿಲ್ಲ. ಇಬ್ಬರು ಕೇಳಿದ್ದಾರೆ, ಇಬ್ಬರೂ ವೈನ್ ಅಂದಿದ್ದಾರೆ."

"ವೈನ್ ಅನ್ನೋದು ಅಳೋವ್ರ ಬಗ್ಗೆ ಅಲ್ಲ, ಕೇಳೋವ್ರ ಕಿರಿಕಿರಿ ಬಗ್ಗೆ ಇರೋ ಪದ, ಮಾರ್ಲೂಸ್."

ಅವಳು ಎದ್ದು ಬಾಗಿಲು ಮುಚ್ಚಿದಳು. ಕೆಟ್ಟವಳಲ್ಲ. ಮೇಲಿನವರಿಗೆ ತಿಳಿಸುತ್ತೇನೆ, ಹೊರಗೆ ಎಲ್ಲೂ ಬಾಯಿ ಬಿಡಬೇಡ, ಸಹಿ ಹಾಕಿದ್ದೀಯ — ಅಂದಳು.

ನಂಬಿದೆ.

ಫೆಬ್ರವರಿ 19, ಬುಧವಾರ

ಮತ್ತೆ ಅದೇ ದನಿ. ಈ ಸಲ ಅಳುವೂ ಸರಿಯಾಗಿ ಇಲ್ಲ. "ನೀರಾದ್ರೂ ಕೊಡಿ." ಅಷ್ಟೇ. ಆಮೇಲೆ ಉಸಿರು.

ಮಾರ್ಲೂಸ್ ಸೀಟಿಗೆ ಓಡಿದೆ. ಮೇಲಿನವರು ಇನ್ನೂ ಮೇಲ್ ನೋಡಿಲ್ಲವಂತೆ. ಶಾಲೆಗಳಿಗೆ ಕ್ರೋಕಸ್ ರಜೆ... ಎಲ್ಲ ಮಕ್ಕಳ ಜೊತೆ ಸ್ಕೀಯಿಂಗ್ ಹೋಗಿದ್ದಾರೆ.

ಮೆಟ್ಟಿಲಲ್ಲಿ ನಿಂತು ಅನನ್ಯಾಗೆ ಫೋನ್ ಮಾಡಿ, ಪೊಲೀಸಿಗೆ ಹೇಳುತ್ತೇನೆ ಅಂದೆ. ರೂಮ್‌ಮೇಟ್, ಯಾವಾಗಲೂ ನನಗಿಂತ ಸಮಾಧಾನದವಳು. ಇವತ್ತು ಬೈದಳು.

"ತಲೆ ಕೆಟ್ಟಿದ್ಯಾ? ಕೆಲ್ಸ ಹೋದ್ರೆ ಪರ್ಮಿಟ್ ಗತಿ ಏನೇ? ನಿನ್ ಝೂಕ್‌ಯಾರ್ ಮುಗೀತಾ ಬಂತು."

ಗೊತ್ತು. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಟ್ಟ ವರ್ಷ. ಮುಗಿದರೆ ದಾವಣಗೆರೆ.

"ಅವ್ಳು ನೀರು ಕೇಳ್ತಿದಾಳೆ ಕಣೇ," ಅಂದೆ. ಅನನ್ಯಾ ಬೈಯುವುದು ನಿಲ್ಲಿಸಿ, "ಮಾಡು," ಅಂದಳು.

ಪೊಲೀಸಿಗೆ ಫೋನ್. ಗಂಡಸು, ಡಚ್ ಬೆರೆತ ನಿಧಾನದ ಇಂಗ್ಲಿಷ್.

"ಕಿರುಚುತ್ತಿದ್ದಾಳಾ?"

"ಇಲ್ಲ. ವಿಂಪರಿಂಗ್."

ಆ ಪದ ಅವನಿಗೆ ಗೊತ್ತಿಲ್ಲ. "ಹೌಲೆನ್, ಅಂದ್ರೆ ಅಳೋದಾ? ಜನ ಅಳ್ತಾರೆ, ಮೇಡಂ."

ಕೊನೆಗೆ ನನ್ನ ಬಾಯಿಗೆ ನಾನೇ ಕೈ ಒತ್ತಿಕೊಂಡು ಅವಳ ಹಾಗೇ ಅತ್ತು ತೋರಿಸಿದೆ. ಫೋನಿನಲ್ಲಿ. ಮೆಟ್ಟಿಲು ಹತ್ತುತ್ತಿದ್ದ ಯಾರೋ ನಿಂತುಬಿಟ್ಟರು.

ಆ ಕಡೆ ಕೀಬೋರ್ಡ್ ಸದ್ದು ಶುರುವಾಯಿತು. "ಕಂಪನಿ ಹೆಸರು, ಕ್ಲಿಪ್ ನಂಬರ್ ಹೇಳಿ," ಅಂದ.

ಹೇಳಿದೆ.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಪೊಲೀಸರು ಆಫೀಸಿಗೆ ಬಂದರು. ಕಂಪನಿಗೆ ಆ ಮನೆಯ ವಿಳಾಸ ಕೊಡದೆ ವಿಧಿಯಿರಲಿಲ್ಲ. ಮಧ್ಯಾಹ್ನ ನನ್ನ ಬ್ಯಾಡ್ಜ್ ಕಿತ್ತುಕೊಂಡರು. ಮಾರ್ಲೂಸ್ ಕೆಳಗಿನವರೆಗೂ ಬಂದಳು. ನನ್ನ ತೋಳು ಹಿಡಿದಳು, ಅಷ್ಟೇ.

ಅವಳು ಸಿಕ್ಕಳಾ? ಯಾರೂ ಹೇಳುವುದಿಲ್ಲ.

ಫೆಬ್ರವರಿ 22

ಪೊಲೀಸರ ಫೋನ್ ಇಲ್ಲ.

ಫೆಬ್ರವರಿ 27, ಗುರುವಾರ

ಸಿಕ್ಕಿದ್ದಾಳೆ. ಬದುಕಿದ್ದಾಳೆ. ಜೂಟರ್‌ಮೀರ್ ಎಂಬ ಊರಿನಲ್ಲಿ. ಹೆಸರು ತನುಶ್ರೀ. ಗಂಡ ಕಸ್ಟಡಿಯಲ್ಲಿ. ಹೆಂಡತಿಯನ್ನು ಸ್ಟೋರ್‌ರೂಮಿನಲ್ಲಿ ಕೂಡಿಹಾಕಿ ದಿನಾ ಆಫೀಸಿಗೆ ಹೋಗಿಬರುತ್ತಿದ್ದನಂತೆ. ಸ್ಪೀಕರ್ ಆ ಬಾಗಿಲ ಪಕ್ಕದಲ್ಲೇ ಇತ್ತು.

ಹಿಂದಿ ಇಂಟರ್‌ಪ್ರಿಟರ್ ಜೊತೆ ಬಾಯಿ ಬಿಡುತ್ತಿಲ್ಲವಂತೆ. ನೀವು ಕನ್ನಡದಲ್ಲಿ ಮಾತಾಡುತ್ತೀರಾ ಅಂತ, ಕರೆ ಮಾಡಿದ್ದ ಪೊಲೀಸಿನವಳು ಕೇಳಿ, ಫೋನ್ ತನುಶ್ರೀ ಕೈಗೆ ಕೊಟ್ಟಳು.

"ನಿಮ್ಗೆ ಹೆಂಗೆ ಗೊತ್ತಾಯ್ತು?" ಮೊದಲ ಮಾತೇ ಅದು.

ಹೇಳಿದೆ. ಸ್ಪೀಕರ್, ಹೆಡ್‌ಫೋನ್, ಲೇಬಲ್. ಹೇಳುತ್ತಾ ಹೇಳುತ್ತಾ ನನಗೇ ಅಸಹ್ಯವಾಯಿತು.

"ನಾನ್ ಅತ್ತಿದ್ದು... ಎಷ್ಟ್ ಜನ ಕೇಳಿದಾರೆ?"

ನಾನೊಬ್ಬಳೇ ಅನ್ನಬಹುದಿತ್ತು.

"ನಾಲ್ಕು ಜನ. ನನಗೆ ಗೊತ್ತಿರೋ ಹಾಗೆ."

ಆ ಕಡೆ ಅವಳು ಕುರ್ಚಿ ಎಳೆದುಕೊಂಡ ಸದ್ದು.

"ನಾಳೆ ಬರ್ತೀರಾ? ಬರೋವಾಗ ಕೊಬ್ರಿ ಎಣ್ಣೆ ತನ್ನಿ, ಒಂದು ದೊಡ್ಡ ಬಾಚಣಿಗೆ. ತಲೆ ಪೂರ್ತಿ ಸಿಕ್ಕಾಗಿದೆ."

ಫೆಬ್ರವರಿ 28, ಶುಕ್ರವಾರ. ಜೂಟರ್‌ಮೀರ್, ಪೊಲೀಸ್ ಸ್ಟೇಷನ್

ಬೇಗ ಬಂದೆ. ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಣ್ಣೆ ಚಳಿಗೆ ಗಟ್ಟಿಯಾಗಿದೆ, ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೇನೆ. ಎದುರಿಗೆ ಕೂತ ಅಜ್ಜ ವಿಚಿತ್ರವಾಗಿ ನೋಡುತ್ತಾನೆ.

ಏನು ಮಾತಾಡಲಿ? ಅವಳ ಅತ್ಯಂತ ಕೆಟ್ಟ ಗಳಿಗೆ ನನಗೆ ಗೊತ್ತು. ಅವಳ ಮುಖ ಗೊತ್ತಿಲ್ಲ.

ಕಾರಿಡಾರಿನ ತುದಿಯಲ್ಲಿ ಪೊಲೀಸಿನವಳು. ಅವಳ ಹಿಂದೆ ತಲೆಗೆ ಶಾಲು ಸುತ್ತಿದ ಒಬ್ಬ ಹುಡುಗಿ. ಇಷ್ಟು ಚಿಕ್ಕವಳಾ... ನನ್ನನ್ನೇ ನೋಡುತ್ತಿದ್ದಾಳೆ. ಬೇಗ ಬೇಗ ನಡೆದು ಬರುತ್ತಿ—