ಮಾವನವರ ಕೈಯಲ್ಲಿ ವೈನ್ ಗ್ಲಾಸು

ಮಾರ್ಚ್ ೯, ಭಾನುವಾರ

ಬೇಡವೆಂದು ಬೆಳಗ್ಗೆಯಿಂದ ಬಡಕೊಂಡರೂ ಮಾವನವರು ಕೇಳಲಿಲ್ಲ. ಕುಡಿತ ಬಿಟ್ಟು ಹನ್ನೊಂದು ವರ್ಷವಾದವರಿಗೆ ವೈನ್ ರುಚಿ ನೋಡುವ ಕಡೆ ಏನು ಕೆಲಸ?

"ಮಗಳು ಮಾಡಿರೋ ಮೊದಲನೇ ವೈನು, ನಾನು ಹೋಗ್ದೆ ಇರ್ತೀನಾ?" ಎಂದರು.

ಎಲ್ಲರಿಗೂ ಸುರಿಯುತ್ತ ಬಂದ ನಾದಿನಿ ಅಪ್ಪನ ಮುಂದೆ ತಡವರಿಸಿದಳು. ಅವರೇ ಗ್ಲಾಸು ಚಾಚಿದರು. ಅವರು ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಕಣ್ಣು ಮುಚ್ಚಿ ಮೂಸಿದರು. ಆಮೇಲೆ, ಬೇಡದ್ದನ್ನು ಸುರಿಯಲೆಂದು ಇಟ್ಟಿದ್ದ ಪಾತ್ರೆಗೆ ಸದ್ದಾಗದಂತೆ ಬಗ್ಗಿಸಿದರು.

"ಘಮಘಮ ಅಂತಿದೆ ಕಣಮ್ಮ. ರುಚಿ ನಿನ್ನ ಅತ್ತಿಗೆ ಹೇಳ್ತಾಳೆ."

ಕುಡಿದು ನೋಡಿದೆ. ನಿಜವಾಗಿಯೂ ಚೆನ್ನಾಗಿತ್ತು. ಹಾಗೆಂದಾಗ ನಾದಿನಿಗಿಂತ ಮೊದಲು ನಕ್ಕವರು ಮಾವನವರೇ.

ವಾಪಸು ಬರುವಾಗ ಕಾರಿನಲ್ಲಿ ಅವರ ಕೈ ನಡುಗುತ್ತಿತ್ತು. ಅಲ್ಲಿ, ಮಗಳ ಎದುರು, ಅದು ಒಂದಿಷ್ಟೂ ಅಲುಗಿರಲಿಲ್ಲ. ಎಂಥ ಮನುಷ್ಯ…