ಬೇಮಳಖೇಡದ ಒಬ್ಬ ಹೆಂಗಸು

ಹುಮನಾಬಾದ
೧೪ ಜುಲೈ ೧೯೭೯

ಪ್ರಿಯ ಸೈಫುದ್ದೀನ್,

ನೀನು, ಅಮ್ಮಿ, ಮಕ್ಕಳೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾರ್ಡುಗಳೂ ಕೈಸೇರಿದವು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಬಸ್ಸು ಹತ್ತಿದರೆ ಒಂದು ತಾಸಿಗೆ ನಿನ್ನ ಬಸವಕಲ್ಯಾಣ, ಬಂದೇ ಹೇಳಬಹುದಿತ್ತು. ನಿನ್ನ ಮುಖ ನೋಡುತ್ತ ಹೇಳಲಾರದೆ ಕಾಗದ ಹಿಡಿದಿದ್ದೇನೆ.

ಪಿಎಚ್.ಡಿ.ಗೆಂದು ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದೆವಲ್ಲ. 'ಹಾಕಿದ್ದೆವು' ಎಂದೇ ಬರೆಯುತ್ತೇನೆ. ಕೋರ್ಟಿನ ಮುಂದೆ ನಿನ್ನ ಗಿರಾಕಿಗಳನ್ನು ಕಾಯಿಸಿ ಟೈಪು ಮಾಡಿದವನು ನೀನು. ಎರಡು ಕಡೆಯಿಂದ ಇಲ್ಲವೆಂದು ಬಂತು. ಮೂರನೆಯವರು ಸಂದರ್ಶನಕ್ಕೆ ಕರೆದರು. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಅಲ್ಲಿಯ ದವಾಖಾನೆಗೆ ತೋರಿಸಿದಂತೆಯೂ ಆಗುತ್ತದೆಂದು ಆಕೆಯನ್ನೂ ಕರೆದೊಯ್ದೆ.

ರಾಜಕೀಯ ಸಿದ್ಧಾಂತದಲ್ಲಿ ನನ್ನ ವಿಷಯ ನಿನಗೆ ಬಾಯಿಪಾಠ: ಸುಮ್ಮನಿದ್ದವರು ಒಪ್ಪಿದ್ದಾರೆಂದು ಪ್ರಭುತ್ವ ತಿಳಿಯಬಹುದೇ? ಮೂವರು ಪ್ರಾಧ್ಯಾಪಕರಿದ್ದರು. "ಇಂಥ ಪ್ರಶ್ನೆ ಹಿಡಿದುಕೊಂಡು ಬಹಳ ದಿನಗಳಿಂದ ಯಾರೂ ಬಂದಿರಲಿಲ್ಲ" ಎಂದರು ಅವರಲ್ಲಿ ಹಿರಿಯರು. ಇಪ್ಪತ್ತು ದಿನಕ್ಕೆ ಸೀಟು ಸಿಕ್ಕಿದ ಪತ್ರ ಬಂತು.

ನಾನು ಹೋಗಲಿಲ್ಲ. ಸೇರುವ ಗಡುವು ಮೊನ್ನೆ ಮುಗಿಯಿತು. ನಾನು ಪಾಠ ಮಾಡುವ ಕಾಲೇಜಿನಲ್ಲಿ ರಜೆ ಕೊಡಲಿಲ್ಲವೆಂದು ಎಲ್ಲರಿಗೂ ಹೇಳಿದ್ದೇನೆ. ತಮ್ಮ ವೈಜಿನಾಥ ಬೇಮಳಖೇಡದಿಂದ ಬಂದು ಕೂಗಾಡಿದ: "ಅಣ್ಣಾ, ನಮ್ಮ ಓಣ್ಯಾಗ ನೀನೇ ಮೊದಲ್ನೇ ಡಾಕ್ಟರ್ ಆಗ್ತಿದ್ದಿ. ಯಾಕ ಬಿಟ್ಟಿ, ಹೇಳು!" ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ನಿನ್ನ ಶ್ರಮವನ್ನೆಲ್ಲ ಹಾಳು ಮಾಡಿದೆ, ಕ್ಷಮಿಸು. ಅಮ್ಮಿಗೆ ನನ್ನ ಸಲಾಂ. ನಿನ್ನ ಚಿಕ್ಕವಳು ಶಾಲೆಗೆ ಸೇರಿದ್ದು ಕೇಳಿ ಬಹಳ ಸಂತೋಷವಾಯಿತು. ಚೆನ್ನಾಗಿ ಓದಲಿ, ಹೆದರದೆ ಮಾತಾಡುವವಳಾಗಲಿ.

ನಿನ್ನ,
ಮಚ್ಚೇಂದ್ರ

ತಾ.ಕ.: ರಜೆ ಸಿಕ್ಕಿತ್ತು, ಸೈಫು. ನಿನಗೂ ಸುಳ್ಳು ಹೇಳಲಾರೆ. ಸಾಹುಕಾರನ ಬಾವಿ ಮುಟ್ಟುವಂತಿಲ್ಲದೆ, ಯಾರಾದರೂ ಕೊಡಕ್ಕೆ ನೀರು ಹೊಯ್ಯಲೆಂದು ಮೂವತ್ತು ವರ್ಷ ಸುಮ್ಮನೆ ದೂರ ನಿಂತ ಕೂಲಿ ಹೆಂಗಸಿನ ಬಗ್ಗೆ ಅರ್ಜಿಯಲ್ಲಿ ಬರೆದಿದ್ದೆವು. ಅದು ನಮ್ಮ ಅವ್ವ ಎಂದು ನಿನಗೆ ಗೊತ್ತು. "ಈಕೆ ಯಾರು?" ಎಂದು ಸಂದರ್ಶನದಲ್ಲಿ ಆ ಹಿರಿಯರು ಕನ್ನಡದಲ್ಲೇ ಕೇಳಿದರು. "ಬೇಮಳಖೇಡದ ಒಬ್ಬ ಹೆಂಗಸು ಸರ್. ಅಷ್ಟಾಗಿ ಪರಿಚಯ ಇಲ್ಲ" ಅಂದುಬಿಟ್ಟೆ. ಬಾಗಿಲು ತೆರೆದೇ ಇತ್ತು. ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಬಸ್ಸಿನಲ್ಲಿ, "ಚಲೋ ಮಾತಾಡಿದಿ, ನನ್ನಪ್ಪ" ಎಂದಳು, ಅಷ್ಟೇ. ಆದರೆ ಅಂದಿನಿಂದ ಕಾಲೇಜಿನವರು ಯಾರೇ ಮನೆಗೆ ಬರಲಿ, ತಾನಾಗಿ ಎದ್ದು ಹಿತ್ತಲಿಗೆ ಹೋಗುತ್ತಾಳೆ. ನಿನ್ನೆ ಪ್ರಿನ್ಸಿಪಾಲರು ಬಂದಾಗ "ಇಲ್ಲೇ ಕೂಡು ಅವ್ವ" ಎಂದು ಆಕೆಯ ಸೆರಗು ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡಳು.

"ಇರ್ಲಿ ಬಿಡಪ್ಪ. ನಾ ಯಾರಂತ ಅವರು ಕೇಳಿದ್ರ ನಿನಗ ತ್ರಾಸ ಆಗ್ತದ."