ಹಚ್ಚದೆ ಉಳಿಸಿದ ರೆಕ್ಕೆ

ಇನ್ನೂ ಹೆಸರಿಲ್ಲದ ಕೂಸೇ,

ನಾನು ನಿನ್ನ ಅವ್ವನ ತಮ್ಮ, ಸಂಜು. ಐದನೆಯ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವನು. ಈಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಕನ್ನಡದಲ್ಲಿ ಪತ್ರ ಬರೆಯಲು ಕೂತರೆ ವೈವಾ ಪರೀಕ್ಷೆಗೆ ನಿಂತಷ್ಟೇ ನರ್ವಸ್ ಆಗುತ್ತೇನೆ. ತಪ್ಪಿದ್ದರೆ ನಗಬೇಡ.

ರಜೆಗೆ ನಮ್ಮೂರು ದೊಡವಾಡಕ್ಕೆ ಬಂದಾಗ ಅಕ್ಕ ರಾಮದುರ್ಗದಿಂದ ಹೆರಿಗೆಗೆ ಬಂದಿದ್ದಳು. ನಿನಗಿಂತ ಮೊದಲು ಬರಬೇಕಾಗಿದ್ದ ಒಂದು ಕೂಸು ಹೋದ ವರ್ಷ ಬರಲಿಲ್ಲ. ಅದಕ್ಕೇ ಅವಳು ದಿನವಿಡೀ ಹೊಟ್ಟೆಯ ಮೇಲೆ ಕೈಯಿಟ್ಟು ಪಡಸಾಲೆಯಲ್ಲಿ ಮಲಗಿರುತ್ತಿದ್ದಳು. ಬೈಲಹೊಂಗಲದ ಡಾಕ್ಟರ್ ಎಲ್ಲ ನಾರ್ಮಲ್ ಅಂದರೂ ನಂಬುತ್ತಿರಲಿಲ್ಲ. ನಗುವುದನ್ನೇ ಬಿಟ್ಟಿದ್ದಳು. ಅಜ್ಜಿ ಸಿದ್ದಲಿಂಗವ್ವ ಮನೆಗೆಲ್ಲ ಕಾಯ್ದೆ ಮಾಡಿದ್ದಳು: ಹುಟ್ಟುವ ತನಕ ಕೂಸಿಗೆಂದು ಒಂದು ಅಂಗಿಯನ್ನೂ ತರಕೂಡದು, ಏನನ್ನೂ ತಯಾರು ಮಾಡಕೂಡದು.

ನಾನು ಗುಟ್ಟಾಗಿ ಮಾಡುತ್ತಿದ್ದೆ. ನಿನ್ನ ತೊಟ್ಟಿಲ ಮೇಲೆ ತೂಗುಬಿಡಲು ಒಂದು ವಿಮಾನ. ಬಾಲ್ಸಾ ಎಂಬ ಕಟ್ಟಿಗೆಯ ಕಿಟ್ ತರಿಸಿದ್ದೆ. ಜೋಳದ ದಂಟಿನೊಳಗಿನ ಬೆಂಡಿನಂಥ ಕಟ್ಟಿಗೆ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನಿಸುತ್ತದೆ. ಮೊದಲ ಸಲದ ಕೈ. ಬ್ಲೇಡು ಒತ್ತಿದರೆ ಮುರಿಯಿತು, ಒತ್ತದಿದ್ದರೆ ಕತ್ತರಿಸಲಿಲ್ಲ. ಕಿಟ್‌ನಲ್ಲಿದ್ದ ಪ್ಲಾನಿನ ಹಾಳೆಯ ಮೇಲೆ ಕಡ್ಡಿಗಳನ್ನು ಟಾಚಣಿ ಪಿನ್ನು ಚುಚ್ಚಿ ನಿಲ್ಲಿಸಿ, ಗೋಂದು ಆರುವವರೆಗೆ ಸುಮ್ಮನೆ ಕೂತಿರುತ್ತಿದ್ದೆ. ಮಧ್ಯಾಹ್ನದ ಬಿಸಿಲು ಆ ಬರಿ ಎಲುಬಿನ ರೆಕ್ಕೆಯೊಳಗಿಂದ ಹಾಯ್ದು ಗೋಡೆಯ ಮೇಲೆ ಇನ್ನೊಂದು ರೆಕ್ಕೆ ಬರೆಯುತ್ತಿತ್ತು. ನೀನೂ ಒಳಗೆ ಹೀಗೇ ಒಂದೊಂದೇ ಎಲುಬು ಕೂಡಿ ಆಗುತ್ತಿರಬಹುದು ಅಂದುಕೊಳ್ಳುತ್ತಿದ್ದೆ. ನನ್ನ ಪರೀಕ್ಷೆಯ ರಿಸಲ್ಟ್ ಇನ್ನೂ ಬಂದಿರಲಿಲ್ಲ; ಆ ಭಯ ಆಗ ಮಾತ್ರ ತಣ್ಣಗಾಗುತ್ತಿತ್ತು.

ರೆಕ್ಕೆಗೆ ತೆಳು ಕಾಗದ ಅಂಟಿಸಿ ನೀರು ಸಿಂಪಡಿಸಿದರೆ, ಒಣಗುತ್ತ ಅದು ಬಿಗಿಯಾಗುತ್ತದೆ. ನೆರಳಲ್ಲಿ, ಭಾರವಿಟ್ಟು ಒಣಗಿಸಬೇಕು. ಮೊದಲ ರೆಕ್ಕೆ ಹಾಗೇ ಮಾಡಿ ವಿಮಾನಕ್ಕೆ ಹಚ್ಚಿದೆ. ಎರಡನೆಯದಕ್ಕೆ ಅವಸರವಾಗಿ, ಮಾಳಿಗೆಯ ಮೇಲೆ ಅಜ್ಜಿಯ ಹಪ್ಪಳದ ಪಕ್ಕ ಬಿಸಿಲಿಗಿಟ್ಟೆ. ತರಲು ಹೋದಾಗ ಅದೂ ಹಪ್ಪಳದ ಹಾಗೆ ಸೊಟ್ಟಗಾಗಿ ಅಜ್ಜಿಯ ಕೈಯಲ್ಲಿತ್ತು.

"ಲೇ ಸಂಜ್ಯಾ, ಇದನ್ನ ಕರಿಯೂದೋ, ಸುಡೂದೋ?"

"ಕೂಸಿಗೆ ಮಾಡೇನಬೇ" ಅಂದುಬಿಟ್ಟೆ.

ಬೈಯುತ್ತಾಳೆಂದುಕೊಂಡೆ. ಅವಳು ಕೆಳಗಿಳಿದು, ಅಕ್ಕನ ಎದುರೇ ನನ್ನಿಂದ ವಿಮಾನ ತರಿಸಿ ಬಹಳ ಹೊತ್ತು ನೋಡಿದಳು. "ಈ ರೆಕ್ಕಿ ಹಚ್ಚಬ್ಯಾಡ. ಕೂಸು ಬಂದ ಮ್ಯಾಲ ಹಚ್ಚು. ಅರ್ಧಾ ಆಗಿದ್ದು ತಯಾರಿ ಅಲ್ಲ."

"ಕಾಯ್ದೆ ಮಾಡಾಕೀನೂ ನೀನ, ಮುರಿಯಾಕೀನೂ ನೀನ ನೋಡಬೇ" ಎಂದು ಅಕ್ಕ ಕೈಚಾಚಿ ಸೊಟ್ಟ ರೆಕ್ಕೆಯನ್ನು ಇಸಿದುಕೊಂಡಳು. "ಎಷ್ಟ್ ಹಗರೈತಲ್ಲೋ!" ಹೊಟ್ಟೆಯ ಮೇಲಿಟ್ಟುಕೊಂಡಳು.

ರೆಕ್ಕೆ ನಡುಗಿತು. ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು. ಮತ್ತೆ ಎದ್ದು, ಒಂದು ಬದಿಗೆ ವಾಲಿ, ಮೆಲ್ಲಗೆ ಇಳಿಯಿತು. ಒದ್ದವನು ನೀನೋ, ಒದ್ದವಳು ನೀನೋ! ಅಕ್ಕನ ಅಂಗೈಗಷ್ಟೇ ಗೊತ್ತಿದ್ದ ನೀನು ಮೂವರ ಕಣ್ಣಿಗೂ ಕಂಡೆ.

"ಅಜ್ಜಿ, ನೀನೂ ನೋಡಿದಿ?"

"ನೋಡಿದ್ನೆವ್ವಾ. ಮಾಮಾನ್ನ ಒದಿಯಾಕ ಈಗ ಸುರು ಮಾಡೇತಿ."

ಅಕ್ಕ ನಕ್ಕಳು. ಆ ನಗುವಿಗೆ ರೆಕ್ಕೆ ಜಾರಿ ಹಾಸಿಗೆಯ ಮೇಲೆ ಬಿತ್ತು. ಮತ್ತೆ ಎತ್ತಿ ಅಲ್ಲೇ ಇಟ್ಟುಕೊಂಡಳು.

ನಾಳೆ ಹಾಸ್ಟೆಲ್‌ಗೆ ಹೋಗುತ್ತೇನೆ. ರಿಸಲ್ಟಿನ ಭಯ ಹಾಗೇ ಇದೆ. ಆದರೆ ಕಣ್ಣು ಮುಚ್ಚಿದರೆ ಆ ರೆಕ್ಕೆ ಏಳುತ್ತದೆ, ಇಳಿಯುತ್ತದೆ. ಅದನ್ನು ಅಕ್ಕ ಯಾರಿಗೂ ಕೊಡಲೊಲ್ಲಳು. ಒಂಟಿ ರೆಕ್ಕೆಯ ವಿಮಾನ ಗೂಟಕ್ಕೆ ತೂಗಿದೆ. ನೀನು ಬಂದು ಒಮ್ಮೆ ಜೋರಾಗಿ ಅಳು. ಸುದ್ದಿ ಸಿಕ್ಕ ಕೂಡಲೇ ಗೋಂದಿನ ಬಾಟಲಿ ಹಿಡಿದು ಬಸ್ಸು ಹತ್ತುತ್ತೇನೆ.

ಅವಸರ ಬೇಡ, ಹೆದರಿಕೆಯೂ ಬೇಡ. ಸುಖವಾಗಿ ಬಾ, ನೂರು ವರ್ಷ ಬಾಳು.

ನಿನ್ನ ದಾರಿ ಕಾಯುವ
ಸಂಜು ಮಾಮಾ